ಬೋಟಿಗೆ ಕಾರಿನ ಮೀಟರು ಕೂರಿಸಿದವರು

ಅವರು ತೀರಿಕೊಂಡರು ಅಂತ ಫೋನು ಬಂದಾಗ ನಾನು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದೆ. ಹೂಂ ಅಂದೆ. ಎಷ್ಟು ಹೊತ್ತಿಗೆ ಅಂತ ಕೇಳಿದೆ. ಫೋನಿಟ್ಟು ಮತ್ತೆ ಬತ್ತಿ ಹೊಸೆದೆ. ಒಂದು ವಾರಕ್ಕಾಗುವಷ್ಟು ಆದ ಮೇಲೆ ಎದ್ದು ಕೈ ತೊಳೆದು ನಮ್ಮ ಯಜಮಾನರಿಗೆ ಹೇಳಿದೆ. ಅವರು "ಅಯ್ಯೋ ದೇವ್ರೇ" ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ಏನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಷ್ಟು ನಡೆಸಿಕೊಟ್ಟ ಸಿಗಂದೂರಿನ ಅಮ್ಮನವರಿಗೆ ಕೈ ಮುಗಿದೆ.

ನಮ್ಮ ಭಜನಾ ಮಂಡಳಿಯವರು ವರ್ಷಕ್ಕೊಂದು ಪುಸ್ತಕ ತರುತ್ತಾರೆ. ಅದಕ್ಕೆ ಅವರ ಬಗ್ಗೆ ಎರಡು ಮಾತು ಬರೆದುಕೊಡಿ ಅಂದರು. ಬರೆಯುವುದು ನನಗೆ ಅಭ್ಯಾಸವಿಲ್ಲ, ಆದರೂ ಒಪ್ಪಿಕೊಂಡೆ. ಹೆಸರು ಹಾಕುವುದಿಲ್ಲ. ಬೋಟು ತಂದ ವರ್ಷ ಅದರ ಪಕ್ಕೆಗೆ ಎಲ್ಲರ ಹೆಸರು ಬರೆಸಿದಾಗ ತಮ್ಮ ಹೆಸರನ್ನು ಮಾತ್ರ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆದವರು ಅವರು. "ಎಂಥಕೆ ಮಾರಾಯ?" ಅಂದರೆ "ನಾನು ಬೋಟಿನ ಒಳಗೇ ಇರ್ತೀನಲ್ಲ, ಹೊರಗೆ ಎಂಥಕೆ ಬರೀಬೇಕು?" ಅಂದಿದ್ದರು. ನಾನಂತೂ ಅವರನ್ನ ಯಾವತ್ತೂ ಅಣ್ಣ ಅಂತಲೇ ಕರೆದದ್ದು. ಅವರು ನನ್ನನ್ನ ತಂಗಿ ಅನ್ನುತ್ತಿದ್ದರು. ರಕ್ತ ಸಂಬಂಧ ಏನಿಲ್ಲ. ಅವರ ಮನೆ ನಮ್ಮ ಮನೆಯಿಂದ ಮೂರನೆಯದು.

ನಮ್ಮೂರು ಹಿನ್ನೀರಿನ ಒಂದು ದಡದಲ್ಲಿ, ಸಾಗರ ಪೇಟೆ ಇನ್ನೊಂದು ದಡದ ಕಡೆ. ಹೊಳೆಬಾಗಿಲಿನಲ್ಲಿ ಬಸ್ಸು ಕಾರು ದಾಟಿಸುವ ದೊಡ್ಡ ಲಾಂಚು ನಮಗೆ ದೂರ. ಈಗ ಸೇತುವೆಯಾಗಿ ಬಸ್ಸೇ ಬರುತ್ತದೆ, ಆದರೆ ನಾನು ಹೇಳುವ ಕಾಲಕ್ಕೆ ರಸ್ತೆಯಲ್ಲಿ ಸುತ್ತಿ ಸಾಗರ ಮುಟ್ಟಬೇಕೆಂದರೆ ಅರ್ಧ ದಿನ ಬೇಕಿತ್ತು. ಹಾಗಾಗಿ ಊರೊಟ್ಟಿನಲ್ಲಿ ಒಂದು ಬೋಟು ಇಟ್ಟುಕೊಂಡಿದ್ದೆವು. ಎಲ್ಲ ಮನೆಯವರಿಗೂ ಸೇರಿದ್ದು. ಇಪ್ಪತ್ತು ಜನ ಕೂರಬಹುದು. ಹಿಂದೆ ನೇತು ಹಾಕಿದ ಎಂಜಿನ್ನು, ಅದೂ ಕರಾವಳಿಯ ಮೀನುಗಾರರು ಬಳಸಿ ಬಿಟ್ಟಿದ್ದು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಸೀಮೆಎಣ್ಣೆಯಲ್ಲಿ ಓಡುತ್ತದೆ. ಅದನ್ನು ಹತ್ತೊಂಬತ್ತು ವರ್ಷ ಓಡಿಸಿದವರು ಇವರು. ಇಪ್ಪತ್ತು ನಿಮಿಷಕ್ಕೆ ಆಚೆ ದಡ, ಅಲ್ಲಿಂದ ಸಾಗರದ ಬಸ್ಸು.

ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಹಿನ್ನೀರಿಗೆ ಕೈ ಅದ್ದಿ ತಲೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಡ್ಯಾಮು ಕಟ್ಟಿದಾಗ ಮುಳುಗಿದ ಅವರ ಅಜ್ಜನ ಮನೆ ಅದೇ ನೀರಿನಡಿಯಲ್ಲಿದೆ. ಆಮೇಲೆ ಎಂಜಿನ್ ತಲೆ ಮೇಲೆ ಒಂದು ದಾಸವಾಳ. ನಾನು ನಮ್ಮ ದೇವರಿಗೆ ಕೊಯ್ದದ್ದರಲ್ಲೇ ಒಂದು ಅವರಿಗೆ ಎತ್ತಿಡುತ್ತಿದ್ದೆ. ಮರೆತ ದಿನ ಬೋಟು ಕಟ್ಟುವ ಕಡವಿನಿಂದಲೇ ಕೂಗುತ್ತಿದ್ದರು: "ತಂಗೀ, ಎಂಜಿನ್ ಉಪವಾಸ ಇದೆ!"

ಆ ಎಂಜಿನ್ನಿನ ಪಕ್ಕದಲ್ಲಿ ಒಂದು ತೂತು ಇತ್ತು. ಎಂಜಿನ್ನನ್ನು ಒಳಗೆ ತಣ್ಣಗೆ ಮಾಡಿ ಬಂದ ನೀರು ಅಲ್ಲಿಂದ ಸಣ್ಣಗೆ ಧಾರೆಯಾಗಿ ಬೀಳಬೇಕು. ಬೀಳದಿದ್ದರೆ ಎಂಜಿನ್ ಸುಟ್ಟು ಹೋಗುತ್ತದಂತೆ. ಹಿಂದಿನ ಸೀಟಿನಲ್ಲಿ ಯಾರೇ ಕೂತಿರಲಿ ಅವರಿಗೆ ಕೇಳುತ್ತಿದ್ದರು, "ಸ್ವಲ್ಪ ಬಗ್ಗಿ ನೋಡ್ರೀ, ಉಚ್ಚೆ ಹೊಯ್ತಾ ಇದೆಯಾ?" ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಕೇಳಿದ್ದರು. ನಾನು ತಲೆ ತಗ್ಗಿಸಿ ಕೂತೆ. ನಮ್ಮತ್ತೆ "ನಿನ್ನ ಬಾಯಿಗೆ ಮಣ್ಣು ಹಾಕ! ಹೊಸ ಹುಡುಗಿ ಹತ್ರ ಕೇಳೋ ಮಾತಾ ಅದು?" ಅಂದರು. ಅವರು ನಗಲಿಲ್ಲ. "ಹೊಯ್ಲಿಲ್ಲ ಅಂದ್ರೆ ಕಷ್ಟ ಅತ್ತೇ. ನಮಗಾದ್ರೂ ಅಷ್ಟೇ, ಅದಕ್ಕಾದ್ರೂ ಅಷ್ಟೇ" ಅಂದರು. ಬೋಟಿಡೀ ನಕ್ಕಿತು.

ಮಂಗಳವಾರ ನಾವು ಹೆಂಗಸರು ಸಿಗಂದೂರಿಗೆ ಹೋಗಿ ಬರುವಾಗ ಬೋಟಿನಲ್ಲಿ ಭಜನೆ ಹೇಳುತ್ತಿದ್ದೆವು. ಶ್ರುತಿ ಪೆಟ್ಟಿಗೆ ಬೇಕಾಗಿರಲಿಲ್ಲ. ನಡು ನೀರಿಗೆ ಬಂದು ಎಂಜಿನ್ ಒಂದೇ ಹದಕ್ಕೆ ನಿಂತರೆ ಅದರ ದನಿ ನಮ್ಮ ಶ್ರುತಿಗೆ ಸರಿಯಾಗಿ ಕೂಡುತ್ತಿತ್ತು. ನಮ್ಮದು ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ಒಂದು ದಿನ ಅವರಿಗೆ ಹೇಳಿದೆ, "ಅಣ್ಣ, ನಿಮ್ಮ ಎಂಜಿನ್ ಬಿಳಿ ಐದು." "ಅದು ಎಷ್ಟು ಹಾರ್ಸ್ ಪವರ್ರು?" ಅಂತ ಕೇಳಿದರು. ತಿಳಿಸಿ ಹೇಳಿದೆ. ಅವತ್ತಿನಿಂದ ಮಂಗಳವಾರ ಮಾತ್ರ, ವೇಗ ಏರಿಸಿ ಇಳಿಸುವ ಹ್ಯಾಂಡಲನ್ನ ಒಂದಿಷ್ಟೂ ಅಲುಗಿಸದೆ ಹಿಡಿದುಕೊಳ್ಳುತ್ತಿದ್ದರು, ನಮ್ಮ ಮಂಗಳಾರತಿ ಪದ ಮುಗಿಯುವವರೆಗೆ.

ಅವರು ಎಂಜಿನ್ನನ್ನ ಕಿವಿಯಲ್ಲೇ ಓಡಿಸುತ್ತಿದ್ದವರು. ಬೇಸಿಗೆಯಲ್ಲಿ ನೀರಿಳಿದರೆ ಹಿನ್ನೀರಿನಲ್ಲಿ ಹಳೇ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ. ನೀರಿನಡಿ ತಿರುಗುವ ಫ್ಯಾನಿಗೆ ಬೇರು ತಾಗಿತು, ಬಳ್ಳಿ ಸುತ್ತಿತು ಅಂದರೆ ನಮಗೆ ಗೊತ್ತಾಗುವ ಮೊದಲೇ ಹ್ಯಾಂಡಲ್ ಇಳಿಸುತ್ತಿದ್ದರು. "ಗಂಟಲು ಕಟ್ತು ನೋಡು" ಅನ್ನುತ್ತಿದ್ದರು. ಅಂಥವರ ಕಿವಿ ಹೋಗುತ್ತಿದೆ ಅಂತ ಯಾರಿಗೆ ಅನ್ನಿಸೀತು? ಎರಡು ಸಲ ಕರೆದರೂ ತಿರುಗಲಿಲ್ಲ ಅಂದರೆ ಎಂಜಿನ್ ಸದ್ದು ಅಂದುಕೊಂಡೆವು. ತಮಾಷೆಗೆ ನಗಲಿಲ್ಲ ಅಂದರೆ ವಯಸ್ಸಾಯಿತು ಅಂದುಕೊಂಡೆವು. ನಾವು ಕೇಳಿದ್ದೊಂದು, ಅವರು ಹೇಳಿದ್ದೊಂದು ಆದರೆ ಅದನ್ನೇ ಅವರ ಹಾಸ್ಯ ಅಂತ ನಕ್ಕೆವು. ಅವರೂ ನಮ್ಮ ಮುಖ ನೋಡಿಕೊಂಡು ನಕ್ಕರು.

ನನಗೆ ಗೊತ್ತಾದದ್ದು ಒಂದು ಶುಕ್ರವಾರ. ನಡು ನೀರಿನಲ್ಲಿ ಯಾರೋ ಎಸೆದ ಪ್ಲಾಸ್ಟಿಕ್ ಚೀಲ ಫ್ಯಾನಿಗೆ ಸುತ್ತಿಕೊಂಡು, ಫ್ಯಾನು ತಿರುಗುವ ಕಡೆ ಹಾಕಿದ ಪಿನ್ನು ಮುರಿದು, ಎಂಜಿನ್ ಒಂದೇ ಸಮನೆ ಕಿರುಚತೊಡಗಿತು. ಬೋಟಿನಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದೆವು. ಅವರು ಸುಮ್ಮನೆ ಆಚೆ ದಡ ನೋಡುತ್ತಾ ಕೂತಿದ್ದರು. ಗಾಳಿ ಸವಿಯುವವರ ಹಾಗೆ. ಆಮೇಲೆ ನಮ್ಮೆಲ್ಲರ ಮುಖ ಕಂಡು ಬೆಚ್ಚಿ ಹ್ಯಾಂಡಲ್ ಇಳಿಸಿದರು. ಪಿನ್ನು ಬದಲಾಯಿಸುವಾಗ ಎರಡು ಸಲ ತಿರುಗಿ ನಮ್ಮ ಮುಖ ನೋಡಿದರು. ಅದನ್ನ ನಾನು ನೋಡಿದೆ. ಮಿಕ್ಕವರು ಬಸ್ಸು ತಪ್ಪುತ್ತದಲ್ಲ ಅನ್ನುವ ಗಡಿಬಿಡಿಯಲ್ಲಿದ್ದರು.

ಮಾರನೇ ದಿನ ದಾಸವಾಳ ಕೊಡಲು ಹೋದಾಗ ಅವರು ಬೆನ್ನು ಹಾಕಿ ಎಂಜಿನ್ ಒರೆಸುತ್ತಿದ್ದರು. ಎಂಜಿನ್ ಚಾಲೂ ಇರಲಿಲ್ಲ. ಹಿಂದಿನಿಂದ ಮೆಲ್ಲಗೆ ಅಲ್ಲ, ಸರಿಯಾಗೇ ಕೇಳಿದೆ: "ಅಣ್ಣ, ಕಿವಿ ಕೇಳ್ತಾ ಇಲ್ವಾ?" ಒರೆಸುತ್ತಲೇ ಇದ್ದರು. ಹೋಗಿ ಮುಂದೆ ನಿಂತೆ. ನನ್ನ ಮುಖ ನೋಡಿದವರೇ ಬಟ್ಟೆ ಕೆಳಗಿಟ್ಟರು.

"ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ. ಅತ್ತಿಗೆಗೆ ಗೊತ್ತಾ?"

"ಅವಳಾ? ನಾನು ಅವಳ ಮಾತು ಕೇಳೋದು ಬಿಟ್ಟು ಮೂವತ್ತು ವರ್ಷ ಆತು. ಅವಳಿಗೆ ಇದು ಹೊಸದು ಅಂತ ಅನ್ನಿಸ್ಲೇ ಇಲ್ಲ."

ಇಬ್ಬರೂ ನಕ್ಕೆವು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನ ಅವರು ಆಗಲೇ ಕಲಿತಿದ್ದರು. ಆಮೇಲೆ ಅವರು ಹೇಳಿದರು. ಸಾಗರದಲ್ಲಿ ಡಾಕ್ಟರಿಗೆ ತೋರಿಸಿದ್ದರಂತೆ. ಎಂಜಿನ್ ಪಕ್ಕ ಕೂತೂ ಕೂತೂ ನರ ಸತ್ತಿದೆ, ಮತ್ತೆ ಬರುವುದಿಲ್ಲ ಅಂದರಂತೆ. ಕಿವಿಗೆ ಮಿಷನ್ನು ಕೊಟ್ಟಿದ್ದರು. ಎಂಜಿನ್ ಚಾಲೂ ಆದರೆ ಮಿಷನ್ನು ತಲೆ ಒಡೆಯುವ ಹಾಗೆ ಕೂಗುತ್ತದೆ, ಹಾಕಿಕೊಂಡರೆ ಜನಕ್ಕೂ ಕಾಣುತ್ತದೆ. ಗೊತ್ತಾದರೆ ಊರಿನವರು ಬೋಟು ಬಿಡಿಸುತ್ತಾರೆ. "ಬೋಟು ಬಿಟ್ಟು ನಾನು ಎಂಥ ಮಾಡ್ಲಿ ತಂಗಿ? ಮನೆಯಲ್ಲಿ ಕೂತ್ರೆ ನಾನೊಂದು ಕೆಪ್ಪ. ಇಲ್ಲಿ ಕೂತ್ರೆ ಡ್ರೈವರು."

ನಾನು ಆಣೆ ಪ್ರಮಾಣ ಮಾಡುವವಳಲ್ಲ. "ನಾನಾಗಿ ಯಾರ ಹತ್ರವೂ ಹೇಳಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ" ಅಂದೆ.

"ನಿನ್ನ ಯಾರು ಕೇಳ್ತಾರೆ?" ಅಂದರು. ಬೇಸರ ಮಾಡಲು ಹೇಳಿದ್ದಲ್ಲ. ನಿಜವೇ ಹೇಳಿದ್ದು. ಅಲ್ಲಿಯವರೆಗೆ ಊರಿನ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳಿರಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಹೊಸನಗರದ ಗುಜರಿ ಅಂಗಡಿಯಿಂದ ಒಂದು ಮೀಟರು ತಂದರು. ಹಳೇ ಕಾರಿನದು. ಗಡಿಯಾರದ ಹಾಗೆ ದುಂಡಗೆ, ಕಪ್ಪು ಮುಖ, ಸೊನ್ನೆಯಿಂದ ಎಂಟರವರೆಗೆ ಅಂಕಿ, ಒಂದು ಕೆಂಪು ಮುಳ್ಳು. ಎಂಜಿನ್ ನಿಮಿಷಕ್ಕೆ ಎಷ್ಟು ಸಾವಿರ ಸುತ್ತು ತಿರುಗುತ್ತದೆ ಅಂತ ತೋರಿಸುವುದು. "ಕಿವಿಗೆ ಆಗದ್ದು ಕಣ್ಣಿಗಾದ್ರೂ ಆಗ್ಲಿ" ಅಂದರು. ಆ ಎಂಜಿನ್ನಿಗೆ ಬ್ಯಾಟರಿಯೇ ಇಲ್ಲ, ಮೀಟರಿಗೆ ಬ್ಯಾಟರಿ ಬೇಕು. ಸ್ಕೂಟರಿನ ಹಳೇ ಬ್ಯಾಟರಿ ತಂದರು. ನೀರು ತಾಗದ ಡಬ್ಬ ಇದೆಯಾ ಅಂತ ಕೇಳಿದರು, ನಾನು ಹಪ್ಪಳದ ಡಬ್ಬ ಖಾಲಿ ಮಾಡಿ ಕೊಟ್ಟೆ.

ಮೊದಲನೇ ಮೀಟರಿನ ತಂತಿಯನ್ನು ಪ್ಲಗ್ಗಿಗೆ ಬೆಂಕಿ ಕೊಡುವ ಕಾಯಿಲ್‌ಗೆ ಕೊಟ್ಟರು. ಕಾರಿನಲ್ಲಿ ಹಾಗೇ ಕೊಡುವುದಂತೆ. ಹಗ್ಗ ಎಳೆದರು. ಮುಳ್ಳು ಒಂದು ಸಲ ಜಿಗಿದು ಬಿತ್ತು, ಸುಟ್ಟ ವಾಸನೆ ಬಂತು. "ಇದರ ಕರೆಂಟು ಕಾರಿನದಕ್ಕಿಂತ ಜೋರು. ಪಾಪ, ಎದೆ ಒಡೆದು ಸತ್ತೋತು" ಅಂದರು. ಮತ್ತೆ ಹೊಸನಗರಕ್ಕೆ ಹೋದರು. ಎರಡನೇದರ ತಂತಿಯನ್ನು ಬೋಟಿನ ದೀಪಕ್ಕೆ ಅಂತ ಎಂಜಿನ್ನಿನ ಚಕ್ರದೊಳಗೆ ಇರುವ ಬೇರೆ ಕಾಯಿಲ್‌ಗೆ ಕೊಟ್ಟರು. ಆಗ ಮುಳ್ಳು ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ. ಸ್ವಲ್ಪ ಹ್ಯಾಂಡಲ್ ತಿರುಗಿಸಿದರೆ ಆರು, ಇನ್ನೂ ಸ್ವಲ್ಪ ಅಂದರೆ ಎಂಟಕ್ಕೆ ಹೋಗಿ ಗೋಡೆಗೆ ತಲೆ ಕೊಟ್ಟು ನಿಂತಿತು.

"ಇದೇನು ಅಣ್ಣ, ಹಾರಿ ಹೋಗ್ತದಾ?"

"ಇಲ್ಲ ಮಾರಾಯ್ತಿ. ಕಾರಲ್ಲಿ ಒಂದು ಸುತ್ತಿಗೆ ಎರಡು ಏಟು ಬರ್ತದೆ. ಇದರ ಚಕ್ರದೊಳಗೆ ಅಯಸ್ಕಾಂತ ಜಾಸ್ತಿ, ಒಂದು ಸುತ್ತಿಗೆ ನಾಲ್ಕು ಏಟು. ಅದು ಕಾರಿನಲ್ಲೇ ಇದೀನಿ ಅಂದ್ಕೊಂಡು ಎಣಿಸ್ತಾ ಇದೆ. ಆರು ಅಂದ್ರೆ ಮೂರು ಅಂತ ತಿಳ್ಕೋಬೇಕು."

ಅಂಕಿ ಹೇಗಾದರೂ ಇರಲಿ, ಗುರುತು ಹಾಕಿಕೊಂಡರೆ ಸಾಕು ಅಂದರು. ಗುರುತು ಹಾಕಲು ಸರಿಯಾದ ದನಿ ಯಾವುದು ಅಂತ ಗೊತ್ತಾಗಬೇಕಲ್ಲ. ಅದಕ್ಕೇ ನಾನು ಬೇಕಾಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರನ್ನೂ ಕರೆದುಕೊಂಡು ಹೋದೆ, ಅವರು ಬೋಟಿನ ಮುಂದೆ ಕೂತು ಗಾಳ ಹಾಕಿದರು. ಮಂಡಳಿಯ ಶ್ರುತಿ ಪೆಟ್ಟಿಗೆಯನ್ನು ನಾನು ಕಿವಿಗೆ ಒತ್ತಿ ಹಿಡಿದೆ. ಅಣ್ಣ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ದನಿ ಪೆಟ್ಟಿಗೆಯ ದನಿಗೆ ಕೂಡಿದ ತಕ್ಷಣ ಕೈ ಎತ್ತಿದೆ. ಮುಳ್ಳು ನಿಂತ ಜಾಗದಲ್ಲಿ ಗಾಜಿನ ಮೇಲೆ ನನ್ನ ಮಗಳ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದೆ. ಅದು ದಾಟುವ ಹದ. ಮೀಟರಿನ ಸುತ್ತ ನೀರು ಹೋಗದ ಹಾಗೆ ಹಲಸಿನ ಮೇಣ ಮೆತ್ತಿ, ಅವರು ಕೂರುವಲ್ಲಿ ಎಡ ಮೊಣಕಾಲಿನ ಹತ್ತಿರ ಹಲಗೆಗೆ ಕೂರಿಸಿದರು.

ಸೋಮವಾರ ಬೋಟು ನಡುವಯಸ್ಸಿನ ಎಮ್ಮೆಯ ಹಾಗೆ ಹೋಯಿತು. ಅಣ್ಣ ಮುಳ್ಳನ್ನ ಗೆರೆಗೆ ಸರಿಯಾಗಿ ಇಟ್ಟುಕೊಂಡು ಖುಷಿಯಲ್ಲಿದ್ದರು. ಆಚೆ ದಡಕ್ಕೆ ಹೋಗುವಷ್ಟರಲ್ಲಿ ಬಸ್ಸು ಹೋಗಿ ಧೂಳೂ ಅಡಗಿತ್ತು. ಮಂಗಳವಾರವೂ ಹಾಗೇ. ಜನ ರೇಗಿದರು. ಅವತ್ತು ಸಂಜೆ ಭಜನೆಗೆ ಕೂತಾಗ ನನಗೆ ಗೊತ್ತಾಯಿತು. ಶನಿವಾರ ಗಂಡಸರ ಭಜನೆಗೆ ಪೆಟ್ಟಿಗೆ ಒಯ್ದವರು ಬಿಳಿ ನಾಲ್ಕಕ್ಕೆ ಇಳಿಸಿ ಹಾಗೇ ತಂದಿಟ್ಟಿದ್ದರು. ನಾನು ತಿರುಪು ನೋಡದೆ ಅದಕ್ಕೇ ಎಂಜಿನ್ ಕೂಡಿಸಿದ್ದೆ. ಅಣ್ಣನಿಗೆ ಹೇಳಿದರೆ "ಹಂಗಾದ್ರೆ ಎರಡು ದಿನ ಬೋಟು ಗಂಡಸರ ಭಜನೆ ಹೇಳ್ತು ಅನ್ನು. ಅದಕ್ಕೇ ಊರು ಮುಟ್ಲಿಲ್ಲ" ಅಂದರು. ಗೆರೆ ಕೆರೆದು, ಒಂದು ಅಕ್ಕಿಕಾಳಿನಷ್ಟು ಮೇಲೆ ಹೊಸ ಗೆರೆ ಹಾಕಿದೆವು. ಬುಧವಾರ ಬಸ್ಸು ಸಿಕ್ಕಿತು.

ಮೀಟರು ಎಂಥಕ್ಕೆ ಅಂತ ಕೇಳಿದವರಿಗೆ ಅಣ್ಣ "ಸೀಮೆಎಣ್ಣೆ ಉಳಿಸಕ್ಕೆ" ಅನ್ನುತ್ತಿದ್ದರು. ಜನ ನಂಬಿದರು. ನಮ್ಮ ಬೋಟಿಗೆ ಕಾರಿನ ಮೀಟರು ಅಂತ ಹೆಮ್ಮೆಯಿಂದ ನೆಂಟರಿಗೆ ತೋರಿಸಿದರು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಹಾಗೆ ಎರಡು ಮಳೆಗಾಲ ಕಳೆಯಿತು. ಏನೂ ಅನಾಹುತ ಆಗಲಿಲ್ಲ. ಪ್ರತಿ ಸಂಜೆ ಕೊನೇ ಟ್ರಿಪ್ಪು ಬಂದ ಸದ್ದು ಕೇಳಿದ ಮೇಲೆ ನಾನು ದೀಪ ಹಚ್ಚುತ್ತಿದ್ದೆ, ಅಮ್ಮಾ ಇವತ್ತಿನದು ಆಯ್ತು ಅಂತ. ಬೇರೆ ಏನೂ ಬೇಡುತ್ತಿರಲಿಲ್ಲ.

ಒಂದು ವಿಷಯ ನಾನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ. ಕಿವಿಯಿಂದ ಓಡಿಸುವವನ ಕಣ್ಣು ನೀರಿನ ಮೇಲಿರುತ್ತದೆ. ಮೀಟರು ನೋಡಿ ಓಡಿಸುವವನ ಕಣ್ಣು ಮೊಣಕಾಲಿನ ಹತ್ತಿರ ಇರುತ್ತದೆ.

ಚಳಿಗಾಲದ ಒಂದು ಬೆಳಿಗ್ಗೆ. ಹಿನ್ನೀರಿನ ಮೇಲೆ ಮಂಜು ಕೂತಿತ್ತು. ನಾನು ಸಾಗರಕ್ಕೆ ಹೊರಟವಳು ನಡುವಿನ ಸೀಟಿನಲ್ಲಿದ್ದೆ. ಮುಂದೆ ಯಾರೋ ಕೂಗಿದರು, "ಓ! ಓ!" ಅಂತ. ತೆಪ್ಪದಲ್ಲಿ ಮೀನು ಹಿಡಿಯುವವರು ಒಬ್ಬರಿದ್ದರು, ನಮ್ಮ ದಡದವರೇ, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ದನಿ ಅದು. ಮುಂದಿನ ಸೀಟಿನವರೂ ಕೂಗಿದರು. ನಾನು ಹಿಂದೆ ತಿರುಗಿದೆ. ಅಣ್ಣ ಬಗ್ಗಿ ಮುಳ್ಳು ನೋಡುತ್ತಿದ್ದರು. ಎರಡು ಕೈ ಎತ್ತಿ ಬೀಸಿದೆ. ಅವರು ತಲೆ ಎತ್ತುವಷ್ಟರಲ್ಲಿ ಬೋಟು ತೆಪ್ಪಕ್ಕೆ ಬಡಿಯಿತು. ತೆಪ್ಪ ಮಗುಚಿತು. ತೆಪ್ಪದವರು ಬೋಟಿನ ಅಂಚು ಹಿಡಿದುಕೊಂಡರು, ನಾವು ಒಳಗೆ ಎಳೆದುಕೊಂಡೆವು. ಕೈ ಮೂಳೆ ಮುರಿದಿತ್ತು, ಬಲೆ ಹೋಗಿತ್ತು, ಜೀವ ಇತ್ತು. ಅಮ್ಮ ಜೀವ ಉಳಿಸಿದಳಲ್ಲ ಅಂತ ನಾನು ಅಲ್ಲೇ ಒದ್ದೆ ಹಲಗೆಗೆ ಹಣೆ ಮುಟ್ಟಿಸಿದೆ.

ಭಾನುವಾರ ಶಾಲೆ ಜಗಲಿಯಲ್ಲಿ ಊರೊಟ್ಟಿನ ಸಭೆ ಕೂಡಿತು. ಗಂಡಸರು ಬೆಂಚಿನ ಮೇಲೆ, ನಾವು ಹೆಂಗಸರು ಗೋಡೆ ಬದಿಗೆ. ಅಣ್ಣ ಒಂದು ಕಂಬಕ್ಕೆ ಒರಗಿ, ಮಾತಾಡುವವರ ಮುಖದಿಂದ ಮುಖಕ್ಕೆ ಕಣ್ಣು ಹಾಯಿಸುತ್ತಾ ಕೂತಿದ್ದರು. ತೆಪ್ಪದವರು ಕೈಗೆ ಬಿಳಿ ಕಟ್ಟು ಹಾಕಿಕೊಂಡು ಬಂದಿದ್ದರು.

"ನಾನು ನಾಲ್ಕು ಸಲ ಕೂಗಿದೀನಿ" ಅಂದರು.

"ಎಂಜಿನ್ ಸದ್ದಲ್ಲಿ ಯಾರಿಗೆ ಕೇಳ್ತದೆ ಮಾರಾಯ?" ಅಂದರು ಊರಿನ ಹಿರಿಯರು. "ಆ ಮಂಜಲ್ಲಿ ಲಾಟೀನು ಇಲ್ದೆ ತೆಪ್ಪ ಬಿಟ್ಟಿದ್ದು ನೀನು."

"ಬೋಟಲ್ಲಿದ್ದೋರಿಗೆಲ್ಲ ಕೇಳಿದೆಯಲ್ಲ!"

"ಹತ್ತೊಂಬತ್ತು ವರ್ಷದಲ್ಲಿ ಒಂದು ಇರುವೆ ಮುಳುಗಿಸಿದವನಲ್ಲ ಅವನು. ಈಗ ನಿನ್ನ ಮೇಲೆ ಬೇಕಂತ ಹೊಡೆದ್ನಾ?"

ಹೀಗೇ ನಡೆಯಿತು. ಎಲ್ಲರಿಗೂ ಅಣ್ಣನ ಮೇಲೆ ಪ್ರೀತಿ. ಇನ್ನು ಮೇಲೆ ಬೋಟಿನ ದಾರಿಯಲ್ಲಿ ಮಂಜಿನ ಹೊತ್ತು ತೆಪ್ಪ ಬಿಡಕೂಡದು, ತಪ್ಪು ತೆಪ್ಪದವರದ್ದೇ ಅಂತ ತೀರ್ಮಾನ ಆಗುವ ಹಾಗೆ ಕಂಡಿತು. ಆ ಹೊತ್ತು ಬಿಟ್ಟರೆ ಅವರಿಗೆ ಮೀನು ಸಿಗುವುದಿಲ್ಲ. ಅವರು ಮುರಿದ ಕೈಯನ್ನು ತೊಡೆ ಮೇಲಿಟ್ಟುಕೊಂಡು ಕೂತುಬಿಟ್ಟರು. ನಾನಾಗಿ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ.

ಸಭೆ ಏಳುವ ಮೊದಲು ಹಿರಿಯರು ಮರ್ಯಾದೆಗೆ ಅಂತ ನಮ್ಮ ಕಡೆ ತಿರುಗಿದರು. "ನೀವೂ ಅವತ್ತು ಬೋಟಲ್ಲಿ ಇದ್ರಲ್ಲ ತಾಯಿ. ನಿಮ್ಮದು ಎಂಥಾದ್ರೂ ಹೇಳದು ಇದ್ಯಾ?" ಇಲ್ಲ ಅನ್ನಲಿ ಅಂತ ಕೇಳಿದ್ದು ಅದು. ಆದರೂ ಕೇಳಿದ್ದು ಕೇಳಿದ್ದೇ.

ಎದ್ದು ನಿಂತೆ. ಹಿರಿಯರ ಕಡೆ ನೋಡಲಿಲ್ಲ. ಅಣ್ಣನ ಕಡೆ ಮುಖ ಮಾಡಿ, ಸೆರಗು ಬಾಯಿಂದ ತೆಗೆದು, ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದೆ. "ಅಣ್ಣನಿಗೆ ಕಿವಿ ಕೇಳಲ್ಲ. ಎರಡು ವರ್ಷದ ಮೇಲಾಯ್ತು. ಆ ಮೀಟರು ಅದಕ್ಕೇ ಇಟ್ಟಿದ್ದು. ಅದಕ್ಕೆ ಗೆರೆ ಹಾಕಿದ್ದು ನಾನು. ತೆಪ್ಪದವರದ್ದು ತಪ್ಪಿಲ್ಲ." ಅವರ ಬೆನ್ನ ಹಿಂದೆ ಒಂದು ಮಾತೂ ಆಡಬಾರದು ಅಂತ ಅಷ್ಟೇ ನನ್ನ ಮನಸ್ಸಲ್ಲಿ ಇದ್ದದ್ದು.

ಅಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮುಗಿದ ಮೇಲೂ. ಆಮೇಲೆ ಎದ್ದು ತೆಪ್ಪದವರ ಹತ್ತಿರ ಹೋಗಿ ಅವರ ಕಟ್ಟು ಹಾಕಿದ ಕೈಯನ್ನು ಒಂದು ಸಲ ಮುಟ್ಟಿದರು. ಹಿರಿಯರ ಕಡೆ ತಿರುಗಿ ಒಂದೇ ಮಾತು ಕೇಳಿದರು. "ನಾಳೆ ಸೋಮವಾರ. ಡಯಾಲಿಸಿಸ್ ಮಾಸ್ತರನ್ನ ಯಾರು ದಾಟಿಸ್ತೀರಿ?"

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ರಕ್ತ ಶುದ್ಧಿ ಮಾಡಿಸಿಕೊಳ್ಳಲು ಸಾಗರಕ್ಕೆ ಹೋಗಲೇಬೇಕಿತ್ತು. ಎಂಜಿನ್ ಸ್ಟಾರ್ಟ್ ಮಾಡಲು ಬರುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಹೊಸ ಡ್ರೈವರನ್ನು ಕರಾವಳಿಯಿಂದ ಕರೆಸಬೇಕು. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿರಿಯರು "ಡ್ರೈವರು ಬರೋ ತನಕ ನೀನೇ... ಆದ್ರೆ ಹೆಂಗೆ?" ಅಂದರು. ಸಭೆ ಹಾಗೇ ಎದ್ದಿತು.

ಮನೆಗೆ ಬಂದು ಅಕ್ಕಿ ತೊಳೆದಿಟ್ಟೆ. ಯಜಮಾನರು "ಎಂಥಕೆ ಹೇಳ್ದೆ?" ಅಂತ ಕೇಳಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಬೆಳಿಗ್ಗೆ ಪೂಜೆ ಮುಗಿಸಿ, ಗಂಜಿ ಇಳಿಸಿಟ್ಟು ಕಡವಿಗೆ ಹೋದೆ. ಮಾಸ್ತರರು ಬಂದು ಕೂತಿದ್ದರು, ಇನ್ನೂ ಎಂಟು ಹತ್ತು ಜನ ಇದ್ದರು. ಯಾರೂ ನನ್ನ ಮಾತಾಡಿಸಲಿಲ್ಲ. ನಾನು ಹೋಗಿ ಬೋಟಿನ ಮೂತಿಯಲ್ಲಿ ಕೂತೆ. ಅಣ್ಣ ಹಗ್ಗಕ್ಕೆ ಕೈ ಹಾಕಿದವರು ನನ್ನ ನೋಡಿ ನಿಂತರು. ಆಮೇಲೆ ಅಷ್ಟು ದೂರದಿಂದಲೇ ಹೇಳಿದರು.

"ಬಲಗೈ ಎತ್ತಿದ್ರೆ ಬಲಕ್ಕೆ ಹೋಗ್ತೀನಿ. ಎಡಗೈ ಎತ್ತಿದ್ರೆ ಎಡಕ್ಕೆ. ಎರಡೂ ಎತ್ತಿದ್ರೆ ನಿಲ್ಲಿಸ್ತೀನಿ. ಬೇರೆ ಎಂಥದೂ ಬೇಡ."

ಹನ್ನೆರಡು ದಿನ. ದಿನಕ್ಕೆ ನಾಲ್ಕು ಟ್ರಿಪ್ಪು. ನಾನು ಮುಂದೆ ನೀರು ನೋಡುತ್ತಾ ಕಿವಿ ಹಿಂದಿಟ್ಟುಕೊಂಡು ಕೂತಿರುತ್ತಿದ್ದೆ. ಬೊಡ್ಡೆ ಕಂಡರೆ ಕೈ, ತೆಪ್ಪ ಕಂಡರೆ ಕೈ, ಎಂಜಿನ್ ದನಿ ಕೆಟ್ಟರೆ ಎರಡು ಕೈ. ಅವರು ಒಂದು ಸಲವೂ ತಪ್ಪು ತಿರುಗಿಸಲಿಲ್ಲ. ದಡಕ್ಕೆ ಬಂದ ಮೇಲೆ ಅವರು ಅವರ ಮನೆಗೆ, ನಾನು ನಮ್ಮ ಮನೆಗೆ. ಸಭೆಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೈದಿದ್ದರೆ ಅಳುತ್ತಿದ್ದೆನೋ ಏನೋ. ಬೈಯಲಿಲ್ಲ. ನನಗೆ ಆ ದಿನಗಳಲ್ಲೂ ಏನೂ ಅನ್ನಿಸುತ್ತಿರಲಿಲ್ಲ. ತೋಳು ನೋಯುತ್ತಿತ್ತು, ಅಷ್ಟು ಗೊತ್ತು. ಮಾಸ್ತರರು ನಾಲ್ಕು ಸಲ ಹೋಗಿ ನಾಲ್ಕು ಸಲ ಬಂದರು.

ಹನ್ನೆರಡನೇ ದಿನ ಸಂಜೆ ಹೊಸ ಡ್ರೈವರು ನಮ್ಮ ಕಡವಿನಲ್ಲಿ ಚೀಲ ಹಿಡಿದು ಕಾಯುತ್ತಾ ನಿಂತಿದ್ದರು. ಹಿರಿಯರೂ ಇದ್ದರು, ತೆಪ್ಪದವರೂ ಇದ್ದರು, ಊರಿನ ಅರ್ಧ ಜನ ಇದ್ದರು. ಬೋಟು ಮೆಲ್ಲಗೆ ಬಂದು ಮರಳಿಗೆ ಮೂತಿ ಇಟ್ಟಿತು. ಅಣ್ಣ ಎಂಜಿನ್ ಆಫ್ ಮಾಡಿದರು. ಯಾರೂ ಇಳಿಯಲಿಲ್ಲ. ಅವರು ಒಂದು ಅಂಗೈಯನ್ನು ಎಂಜಿನ್ ಮೇಲೇ ಇಟ್ಟುಕೊಂಡು ಕೂತಿದ್ದರು. ಅದು ಅದುರುವುದು ಬಿಟ್ಟದ್ದು ಆ ಕೈಗೆ ಗೊತ್ತಾಗದೆ ಇರುತ್ತದಾ? ಆದರೂ ತಲೆ ಎತ್ತಿ, ಅಷ್ಟು ಜನರ ಎದುರಿಗೆ, ಎರಡು ವರ್ಷದಿಂದ ಯಾರನ್ನೂ ಕೇಳದಿದ್ದದ್ದನ್ನ ಜೋರಾಗಿ ನನ್ನ ಕೇಳಿದರು.

"ನಿಂತಿತಾ ತಂಗಿ?"

ನಾನು ಅವರ ಕಡೆ ತಿರುಗಿ ಕೂತೆ.

"ನಿಂತಿತು ಅಣ್ಣ" ಅಂದೆ.